ಕುಕ್ಕರ್ ಕೂಗಿದ ಶೋಕಗೀತೆ

ನಮ್ಮ ಸಂಗೀತ ನಿರ್ದೇಶಕರು ಸಿನಿಮಾ ನೋಡದೆಯೇ ಸಂಗೀತ ಕೊಡುವವರು. ಕೊಚ್ಚಿಯ ವೈಟ್ಟಿಲದಲ್ಲಿ ಅವರ ಮನೆಯ ಮಹಡಿ ಕೋಣೆಯೇ ಸ್ಟುಡಿಯೋ. ನಿರ್ಮಾಪಕ ಫೋನಿನಲ್ಲಿ ಕತೆ ಶುರು ಮಾಡಿದರೆ, "ಕತೆ ಬೇಡ. ಸಾವು ಎಷ್ಟು, ಮಳೆ ಎಷ್ಟು, ಹಾವು ಬರುತ್ತದಾ, ಅಷ್ಟು ಹೇಳಿ" ಎನ್ನುತ್ತಿದ್ದರು. ಸಾವಿಗೆ ಒಂದು ಟ್ಯೂನ್ ಇತ್ತು. ಅದನ್ನೇ ಚುರುಕು ಮಾಡಿದರೆ ಮದುವೆ, ಇನ್ನೂ ಚುರುಕು ಮಾಡಿದರೆ ಹೊಡೆದಾಟ. ಹೀಗೆ ಮಾಡಿದ ಸಿನಿಮಾಗಳ ಲೆಕ್ಕ ಅವರಿಗೇ ಇಲ್ಲ. ಒಮ್ಮೆ ಟಿವಿಯಲ್ಲಿ ಅವರದೇ ಒಂದು ಚಿತ್ರ ಬರುತ್ತಿದ್ದಾಗ, "ಯಾರಪ್ಪಾ ಈ ದರಿದ್ರ ಸಂಗೀತ ಮಾಡಿದ್ದು?" ಎಂದು ಬೈದರು. ನನಗೆ ನಗು ತಡೆಯಲಾಗಲಿಲ್ಲ.

ನಾನು ಉಡುಪಿ ಕಡೆಯವಳು. ಕೇಂದ್ರ ಸರಕಾರದ ಕಚೇರಿ ಕೆಲಸಕ್ಕೆಂದು ಕೊಚ್ಚಿಗೆ ಬಂದು ತ್ರಿಪ್ಪುಣಿತ್ತುರದಲ್ಲಿ ಮನೆ ಮಾಡಿದೆ. ಚಿಕ್ಕಂದಿನಲ್ಲಿ ಕಲಿತ ಸಂಗೀತ ಇತ್ತು. ಅವರ ಮಲಯಾಳ ಚಿತ್ರಗಳು ಕನ್ನಡಕ್ಕೆ ಡಬ್ ಆಗುವಾಗ ಟ್ರ್ಯಾಕ್ ಹಾಡಲು ನನ್ನನ್ನು ಕರೆಯುತ್ತಿದ್ದರು. ದೊಡ್ಡ ಗಾಯಕಿ ಬಂದು ಕೇಳಿ ಹಾಡಲಿ ಎಂದು ಮೊದಲೇ ಹಾಡಿಡುವ ಮಾದರಿಗೆ ಟ್ರ್ಯಾಕ್ ಎನ್ನುತ್ತಾರೆ. ಆಕೆ ಹಾಡಿದ ಕೂಡಲೇ ನಮ್ಮ ಸ್ವರ ಅಳಿಸಿ ಹೋಗುತ್ತದೆ. ಆ ಮನುಷ್ಯನ ಮೇಲೆ ಮೂರು ಕಾಸಿನ ಗೌರವ ಇರಲಿಲ್ಲ, ನಿಜ. ಆದರೂ ಹೋಗುತ್ತಿದ್ದೆ. ಒಂದೇ ಒಂದು ಹಾಡಿನಲ್ಲಿ ನನ್ನ ಸ್ವರ ಉಳಿಯಬೇಕು, ಪರದೆಯ ಮೇಲೆ ನನ್ನ ಹೆಸರು ಬರಬೇಕು ಎಂಬ ಆಸೆ.

ಆ ಸಲ ಗಂಡನನ್ನು ಕಳೆದುಕೊಂಡವಳ ಹಾಡು. ಕನ್ನಡ ಸಾಹಿತ್ಯ ಇನ್ನೂ ಬಂದಿರಲಿಲ್ಲ. ಅಂಥ ಹೊತ್ತಿನಲ್ಲಿ ಟ್ಯೂನಿಗೆ ಹೊಂದುವ ಯಾವುದಾದರೂ ಮಾತು ಸೇರಿಸಿ ಹಾಡುವುದು ವಾಡಿಕೆ. ಕಚೇರಿಯಿಂದ ನೇರ ಬಂದಿದ್ದೆ, ತಲೆಯಲ್ಲಿ ಇದ್ದದ್ದು ಅಡುಗೆಮನೆ. "ಬೆಂಡೆಕಾಯಿ ಬೇಯಲಿಲ್ಲ, ಬೇಳೆ ಇನ್ನೂ ತೊಳೆಯಲಿಲ್ಲ" ಎಂದು ಪಲ್ಲವಿ ಎತ್ತಿಕೊಂಡೆ. ಮೇಲಿನ ಸ್ವರಕ್ಕೆ ಹೋಗುವಲ್ಲಿ "ಅಯ್ಯೋ, ಕುಕ್ಕರ್ ಕೂಗಿತಲ್ಲಾ" ಎಂದೆ.

ಕೆಲವು ದಿನ ಬಿಟ್ಟು ಅವರ ಫೋನ್ ಬಂತು. ಅಕ್ಕ ಎನ್ನುವುದಕ್ಕೆ ಅವರದು ಚೇಚಿ. "ಚೇಚೀ, ದೊಡ್ಡ ಗಾಯಕಿಗೆ ಪುರುಸೊತ್ತಿಲ್ಲವಂತೆ. ಈ ಹಾಡಿಗೆ ನಿಮ್ಮ ಸ್ವರವೇ. ಶನಿವಾರ ತಿರುವನಂತಪುರಕ್ಕೆ ಬನ್ನಿ."

ಸಾಹಿತ್ಯ ಬಂದಿರಬೇಕು, ಅಲ್ಲಿ ಹಾಡಿಸುತ್ತಾರೆ ಎಂದುಕೊಂಡೆ. ಸ್ವರ ಕೆಡಬಾರದೆಂದು ಎರಡು ದಿನ ತಣ್ಣೀರು ಕುಡಿಯಲಿಲ್ಲ. ಕಾಲೇಜಿಗೆ ಹೋಗುವ ಮಗಳನ್ನೂ ಹೊರಡಿಸಿದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರಿಸುವವಳು ಅವಳು. ಅಮ್ಮನ ಕನ್ನಡ ಒಮ್ಮೆ ಸಿನಿಮಾದಲ್ಲಿ ಕೇಳಲಿ ಎಂದಿತ್ತು ನನಗೆ.

ಅಲ್ಲಿ ಮೈಕೂ ಇಲ್ಲ, ಎಂತದೂ ಇಲ್ಲ. ಸಣ್ಣ ಥಿಯೇಟರಿನಲ್ಲಿ ನಿರ್ಮಾಪಕರ ಕಡೆಯವರನ್ನು ಕೂರಿಸಿ, ಕನ್ನಡಕ್ಕೆ ಡಬ್ ಆದ ಚಿತ್ರ ತೋರಿಸುತ್ತಿದ್ದರು. ನನ್ನ ಹೆಸರು ಬಂತು, ಹಿನ್ನೆಲೆ ಗಾಯಕಿ ಎಂದು. ಮಗಳಿಗೆ ತಿವಿದು ತೋರಿಸಿದೆ. ಆಮೇಲೆ ಬಿಳಿ ಸೀರೆಯ ನಾಯಕಿ ಗಂಡನ ಫೋಟೋ ಎದೆಗವಚಿಕೊಂಡು ಕಣ್ಣೀರಿಟ್ಟಳು. ನನ್ನ ಸ್ವರ ಎದ್ದಿತು: ಬೆಂಡೆಕಾಯಿ ಬೇಯಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡಳು. ಆ ಥಿಯೇಟರಿನಲ್ಲಿ ಕನ್ನಡ ಗೊತ್ತಿದ್ದದ್ದು ನನಗೂ ಮಗಳಿಗೂ ಮಾತ್ರ. ಕುಕ್ಕರ್ ಕೂಗಿದಾಗ ಮಗಳು ನನ್ನ ತೋಳು ಹಿಡಿದು, "ಅಮ್ಮೇ, ಇದೆಂತಾ?" ಎಂದಳು.

ಚಿತ್ರ ಮುಗಿದದ್ದೇ ತಡ, ಅವರನ್ನು ಹಿಡಿದು ನಿಲ್ಲಿಸಿದೆ. "ಎಂತ ಸಾರ್ ಇದು? ನಾಚಿಕೆ ಆಗುವುದಿಲ್ಲವಾ ನಿಮಗೆ? ಅದು ತರಕಾರಿ ಹಾಡು! ಈಗಲೇ ಬರೆಸಿ, ಹಾಡಿಕೊಡುತ್ತೇನೆ."

ಅವರಿಗೆ ಅಳುಕೂ ಇಲ್ಲ, ಅಂಜಿಕೆಯೂ ಇಲ್ಲ. ಮೊಬೈಲಿನಿಂದ ತಲೆ ಎತ್ತದೆ, "ಬರೆಯುವವನು ಕೈಕೊಟ್ಟ. ಸಂಜೆಯೊಳಗೆ ಕನ್ನಡ ಪ್ರಿಂಟ್ ಕಳಿಸಬೇಕು ಚೇಚೀ. ಬೇಡವಾದರೆ ಹೇಳಿ, ಹಾಡು ತೆಗೆದು ಆ ಜಾಗಕ್ಕೆ ಕೊಳಲು ಹಾಕುತ್ತೇನೆ. ನಿಮ್ಮ ಹೆಸರೂ ತೆಗೆಸುತ್ತೇನೆ. ಐದು ನಿಮಿಷದ ಕೆಲಸ" ಎಂದರು.

ತೆಗೆದು ಬಿಸಾಡಿ ಎನ್ನಲು ಬಾಯಿ ತೆರೆದೆ. ಆದರೆ ಹೆಸರು ಬಂದಿತ್ತಲ್ಲ, ದೊಡ್ಡ ಅಕ್ಷರದಲ್ಲಿ.

"ಇರಲಿ ಬಿಡಿ, ಸಾರ್" ಎಂದೆ.

ಅವರು ತಲೆಯಾಡಿಸಿ ಮುಂದಿನ ಚಿತ್ರದವನಿಗೆ ಫೋನ್ ಹಚ್ಚಿದರು. ಪಕ್ಕದಲ್ಲಿ ಮಗಳು ನನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ನಾನು ಆ ಮನುಷ್ಯನನ್ನು ನೋಡುತ್ತಿದ್ದದ್ದು ಹಾಗೆಯೇ.