ನಮ್ಮ ಬೀದಿಯ ಮಗ್ಗ ನಿಲ್ಲಿಸಿದ ಸಾವು

“ಅಯ್ಯೋ, ಹೋಗ್ಬುಟ್ನಲ್ಲಾ!” ಎಂದು ಅತ್ತಿಗೆ ಒಳಗೆ ಮಗ್ಗದ ಬಳಿ ಕಿರುಚಿದಾಗ ನಾನು ಜಗಲಿಯಲ್ಲಿ ಕುಳಿತು ರೇಷ್ಮೆ ನೂಲು ಸುತ್ತುತ್ತಿದ್ದೆ. ಮೊದಲು ಪಕ್ಕದ ಮನೆಯ ಮಗ್ಗ ನಿಂತಿತು. ಆಮೇಲೆ ಎದುರಿನದು, ಅದರಾಚೆಯದು. ಸಿರುಮುಗೈಯ ನಮ್ಮ ನೇಕಾರರ ಬೀದಿಯಲ್ಲಿ ಸಾವಾದರೆ ಯಾರೂ ಮಗ್ಗ ಆಡಿಸುವುದಿಲ್ಲ. ಅಣ್ಣ ಬೆಳಿಗ್ಗೆಯೇ ಸೀರೆಗಳ ಗಂಟು ಹೇರಿಕೊಂಡು ಬೈಕಿನಲ್ಲಿ ಕೊಯಮತ್ತೂರಿಗೆ ಹೋಗಿದ್ದ. ಫೋನು ಮಾಡಿದೆ. ಅವನು ಎತ್ತಲಿಲ್ಲ.

ಫೋನು ಹಿಡಿದೇ ಒಳಗೆ ಹೋದೆ. ಅಷ್ಟರಲ್ಲಿ ಬೀದಿಯವರೆಲ್ಲ ಪಾಟಿ ಎನ್ನುವ ಪಕ್ಕದ ಮನೆಯ ಅಜ್ಜಿ ಓಡಿ ಬಂದು ಅತ್ತಿಗೆಯನ್ನು ತಬ್ಬಿಕೊಂಡು ತಾವೂ ಅಳುತ್ತಿದ್ದರು. “ಯಾರು ಕಂದಾ? ಯಾರು ಹೋದ್ರು?”

ಅತ್ತಿಗೆ ಮಗ್ಗದ ಕಂಬಕ್ಕೆ ಒರಗಿಸಿಟ್ಟಿದ್ದ ಫೋನನ್ನು ತೋರಿಸಿದರು. ಅದರಲ್ಲಿ ತಮಿಳಿಗೆ ಡಬ್ ಆದ ಕೊರಿಯನ್ ಧಾರಾವಾಹಿ ಓಡುತ್ತಿತ್ತು. “ಆ ಹುಡುಗ, ಪಾಟಿ. ಪಾಪ, ನಾಳೆ ಕಲ್ಯಾಣ ಇತ್ತು. ಸಾಯಿಸ್ಬುಟ್ರು!”

ಅಜ್ಜಿ ತಟ್ಟನೆ ಕೈ ಬಿಟ್ಟು ಕಣ್ಣೊರೆಸಿಕೊಂಡರು. “ಅಡಿ ಪಾಪಿ! ಬೇಯೋ ಅನ್ನ ಬಿಟ್ಟು ಓಡಿ ಬಂದೆ. ಕೊರಿಯಾದೋನು ಸತ್ರೆ ನಾನ್ಯಾಕೆ ಎದೆ ಬಡ್ಕೋಬೇಕು?”

ಆಗಲೇ ಅಣ್ಣನ ಫೋನು ಬಂತು. ಊಟಕ್ಕೆ ಕಾಯಬೇಡಿ ಎಂದ. “ಬೈಕು ಮೆಲ್ಲಗೆ ಓಡಿಸು” ಎಂದೆ.

ಈಗ ಅತ್ತಿಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಾರೆ. ಅದು ಇನ್ನೂ ಕಷ್ಟ. ಅಣ್ಣ ಊರಲ್ಲಿಲ್ಲದ ದಿನ ಅವರ ಭುಜ ಅಲುಗಿದರೆ ಸಾಕು, ನಾನು ಕೆಲಸ ಬಿಟ್ಟು ಹೋಗಿ ಫೋನು ಇಣುಕಬೇಕು. ಸತ್ತವನು ಕೊರಿಯಾದವನೇ ಎಂದು ಖಾತ್ರಿಯಾಗುವವರೆಗೆ ನನಗೆ ಉಸಿರು ಬರುವುದಿಲ್ಲ.