ಸುಧಾಕರ ಮರೆತ ಜ್ವಾಲಾಮುಖಿ

ನಮ್ಮ ಮೆಟಲ್ ಬ್ಯಾಂಡಿನ ಗಾಯಕ ಸುಧಾಕರನ ಹೆಂಡತಿ ಶ್ಯಾಮಲಾ ಮುನಿಸಿಕೊಂಡು ತವರಿಗೆ ಹೋದಳು. ಕಾರಣ? ಗಂಡ ಮಾತಾಡುವುದಿಲ್ಲ.

ನಂಬುತ್ತೀರಾ? ಬೋಟ್ ಇಂಜಿನ್ ರಿಪೇರಿ ಮಾಡುವ ಈತ ಸ್ಟೇಜ್ ಹತ್ತಿ ಕಿರುಚಿದರೆ ಅರ್ಧ ಕುಂದಾಪುರದ ನಾಯಿಗಳು ಉತ್ತರ ಕೊಡುತ್ತವೆ. ಮನೆಯಲ್ಲಿ ಮಾತ್ರ ‘ಹ್ಞೂಂ’. ಅಷ್ಟೇ.

“ಅವ್ಳಿಗೊಂದ್ ಹಾಡ್ ಮಾಡ್ವ ಮಾರಾಯ. ಮೆತ್ತಗೆ ಶುರು ಆಯಿ, ಕಡಿಗೆ ಜೋರ್ ಆಪುದ್. ನೀನೇ ಬರಿ,” ಎಂದ ನನಗೆ.

ಅದಕ್ಕೆ ಪವರ್ ಬ್ಯಾಲಡ್ ಅನ್ನುತ್ತಾರೆ. ಮೊದಲು ಒಂದೇ ಗಿಟಾರ್ ಹಿಡಿದು ಮೆಲ್ಲಗೆ ಅಳುವುದು, ಆಮೇಲೆ ಡ್ರಮ್ಸ್ ಸಮೇತ ಗೋಳಾಡುವುದು.

ನಾನು ಬ್ಯಾಂಡಿನ ಗಿಟಾರಿಸ್ಟ್. ಮೇಲಾಗಿ ಅಂಕಣಕಾರ. ಕೇಳಬೇಕೆ? ‘ವಿರಹದ ಜ್ವಾಲಾಮುಖಿ’, ‘ನಿಶೆಯ ಖಡ್ಗ’ ಎಲ್ಲ ಸುರಿದೆ. (ಬರೆಯುವಾಗ ನನಗೇ ಕಣ್ಣು ತೇವವಾಯಿತು. ನನ್ನ ಬರಹಕ್ಕೆ ನಾನು ಬೇಗ ಕರಗುತ್ತೇನೆ.)

ಸುಧಾಕರ ಓದಿ ತಲೆ ಕೆರೆದುಕೊಂಡ. “ನಿಶೆಯ ಖಡ್ಗ ಅಂದ್ರೆ ಎಂತ?”

“ನೀನ್ ಹಾಡ್. ಅವ್ಳಿಗ್ ಅರ್ಥ ಆತ್ತ್,” ಎಂದೆ. ನನಗೂ ಗೊತ್ತಿರಲಿಲ್ಲ.

ಕಳೆದ ಶನಿವಾರ ಸಂಜೆ ಬೈಂದೂರಿನ ಯುವಕ ಸಂಘವೊಂದರ ವಾರ್ಷಿಕೋತ್ಸವದಲ್ಲಿ ನಮ್ಮ ಕಾರ್ಯಕ್ರಮ. ಶ್ಯಾಮಲಾಳ ತವರೂ ಅದೇ ಊರು. ತಾಯಿಯ ಜೊತೆ ಬಂದು ಕುಳಿತಿದ್ದಳು.

ಸುಧಾಕರ ಮೊದಲ ಚರಣ ಹಾಡಿದ, ಪರೀಕ್ಷೆಗೆ ಉರು ಹೊಡೆದವನ ಹಾಗೆ. ಎರಡನೆಯದರಲ್ಲಿ, ಡ್ರಮ್ಸ್ ಇನ್ನೇನು ಶುರುವಾಗಬೇಕು, ಸಾಹಿತ್ಯ ಮರೆತ. ನಾನು ಅವೇ ತಂತಿಗಳನ್ನು ಮತ್ತೆ ಮತ್ತೆ ಮೀಟುತ್ತ “ಜ್ವಾಲಾಮುಖಿ, ಜ್ವಾಲಾಮುಖಿ” ಎಂದು ಪಿಸುಗುಟ್ಟಿದೆ. ಅವನು ಇತ್ತ ನೋಡಲೂ ಇಲ್ಲ.

“ಶ್ಯಾಮಲಾ,” ಎಂದ ಮೈಕಿನಲ್ಲಿ. “ನಂಗೆ ಮಾತಾಡುಕ್ ಬತ್ತಿಲ್ಲೆ. ನೀನ್ ಹೋದ್ ಮೇಲೆ ಮನಿಗ್ ಹೋಪುಕೇ ಮನ್ಸಿಲ್ಲೆ. ಬಾ ಮಾರಾಯ್ತಿ.”

ಡ್ರಮ್ಸ್ ಶುರುವಾಯಿತು. ಅವಳ ಹೆಸರನ್ನೇ ಹಿಡಿದು ಕಿರುಚಿದ. ನಡುವೆ ಸ್ವರ ಒಡೆಯಿತು. ಅವನ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಶ್ಯಾಮಲಾ ತಲೆ ಎತ್ತಲಿಲ್ಲ. ನನ್ನ ಬೆರಳು ತಪ್ಪು ತಂತಿಗೆ ಹೋದದ್ದನ್ನು ಯಾರೂ ಗಮನಿಸಲಿಲ್ಲ.

ಮುಗಿದ ಮೇಲೆ ಮೆಚ್ಚುಗೆ ಗಿಟ್ಟಿಸಲು ನಾನೇ ಅವಳ ಹತ್ತಿರ ಹೋದೆ. (ಸಾಹಿತಿಗಳಿಗೆ ಇದೊಂದು ಕಾಯಿಲೆ.)

“ಶುರುವಿನ್ ಸಾಲೆಲ್ಲ ನೀವ್ ಬರ್ದದ್ ಅಲ್ದಾ? ಅದ್ ಹಾಡುವತಿಗೆ ಅವ್ರ್ ಬೇರೆ ಯಾರೋ ಕಂಡಂಗ್ ಆಯ್ತ್,” ಎಂದಳು ಶ್ಯಾಮಲಾ. “ಮರ್ತದ್ದ್ ಒಳ್ಳೇದಾಯ್ತ್.”

ಭಾನುವಾರ ಸುಧಾಕರ ಬೈಕಿನಲ್ಲಿ ಹೋಗಿ ಅವಳನ್ನು ಕರೆತಂದ. ದಾರಿಯುದ್ದಕ್ಕೂ ಮಾತಾಡಿದನಂತೆ. (ಇಂಜಿನ್ ಬಗ್ಗೆ. ಇರಲಿ, ಮಾತು ಮಾತೇ.)

ಇದನ್ನೆಲ್ಲ ನನ್ನ ಹೆಂಡತಿಗೆ ವರ್ಣಿಸಿದೆ, ಉಪಮೆ, ರೂಪಕ ಸಮೇತ. ಅವಳು ಬಂಗುಡೆ ಮೀನು ಕೊಯ್ಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿ ಕೇಳಿದಳು:

“ನಿಮ್ಗೆ ಸಾಹಿತ್ಯ ಮರ್ತ್ ಹೋಪುದ್ ಯಾವಾಗ?”