ಕಮೋಲಿಯ ಹನ್ನೊಂದು ಗಂಟೆಯ ದೋಣಿ

ವಿಮಾನ ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿ ಬಂದು ನಿಂತಾಗ ನಾನಿನ್ನೂ ಗಲ್ಲಾದಲ್ಲಿ ಕೂತಿದ್ದೆ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದಲ್ಲಿ, ನಮ್ಮದೊಂದು ಸಣ್ಣ ಉಡುಪಿ ಹೋಟೆಲಿದೆ. ಮೂವತ್ತೊಂದು ವರ್ಷದಲ್ಲಿ ಅದನ್ನು ಬಿಟ್ಟು ಮೂರು ದಿನಕ್ಕಿಂತ ಹೆಚ್ಚು ನಾನೆಲ್ಲೂ ಹೋದವನಲ್ಲ. ಉಡುಪಿಗೆ ಮದುವೆ, ಮುಂಜಿಗೆ ಹೋದರೂ ಹೋಟೆಲು ಫೋನಿನಲ್ಲಿ ನಡೆಯುತ್ತಲೇ ಇರುತ್ತಿತ್ತು. ಅಂಥವನು ಇಟಲಿಗೆ ಹೊರಟದ್ದು ಹೆಂಡತಿ ವಸಂತಿಯ ಕಾರಣಕ್ಕೆ.

ವಸಂತಿ ಠಾಣೆಯ ಒಂದು ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ಕಳೆದ ವರ್ಷ ನಿವೃತ್ತಳಾದಳು. ಅವಳ ಮೇಜಿನ ಎದುರಿನ ಗೋಡೆಯಲ್ಲಿ ಯಾವುದೋ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಇತ್ತು. ಸಮುದ್ರಕ್ಕೆ ತಾಗಿಕೊಂಡ ಕಲ್ಲಿನ ಮಠ, ಅದರ ಕೆಳಗೆ ಸಾಲು ಕಮಾನು, ಹಿಂದೆ ಹಸಿರು ಗುಡ್ಡ. ವರ್ಷಗಟ್ಟಲೆ ಫೈಲಿನಿಂದ ತಲೆ ಎತ್ತಿದಾಗಲೆಲ್ಲ ಅವಳು ಅದನ್ನೇ ನೋಡಿದ್ದಾಳೆ. ನಿವೃತ್ತಿಯ ದಿನ ಆ ಹಾಳೆಯನ್ನು ಮಡಚಿ ಮನೆಗೆ ತಂದು, "ಇಲ್ಲಿಗೆ ಹೋಗುವ. ನಾವಿಬ್ರೇ" ಎಂದಳು. ನೆರೂಳದಲ್ಲಿರುವ ಮಗಳು ಕಂಪ್ಯೂಟರಿನಲ್ಲಿ ಹುಡುಕಿ ಅದು ಸಾನ್ ಫ್ರುತ್ತುವೋಸೊ ಎಂಬ ಜಾಗವೆಂದೂ, ಅಲ್ಲಿಗೆ ಮೋಟಾರು ರಸ್ತೆಯೇ ಇಲ್ಲವೆಂದೂ, ಕಮೋಲಿ ಎಂಬ ಊರಿನಿಂದ ದೋಣಿಯಲ್ಲಿ ಹೋಗಬೇಕೆಂದೂ ಪತ್ತೆ ಮಾಡಿದಳು.

ವಸಂತಿಯ ಷರತ್ತು ಒಂದೇ. "ಒಂದು ವಾರ ಹೋಟೆಲಿಗೆ ಫೋನ್ ಇಲ್ಲ. ಫೋನ್ ಮಾಡಿದ್ರೆ ಅಲ್ಲಿಂದ ಮುಂದೆ ನಾನೊಬ್ಳೇ ತಿರುಗುದು." ನಾನು ಒಪ್ಪಿದೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಮರಾಠಿ, ಹಿಂದಿ. "ಪಪ್ಪಾ, ಪ್ರಾಮಿಸ್? ಪಕ್ಕಾ ನಾ?" ಎಂದು ನನ್ನ ಕೈ ಹಿಡಿದು ಮಾತು ತೆಗೆದುಕೊಂಡಳು. ನಮ್ಮಿಬ್ಬರ ನಡುವೆ ವಿದೇಶದ ಸಿಮ್ ಒಂದೇ, ಅದೂ ನನ್ನ ಫೋನಿನಲ್ಲಿ.

ನಡುವೆ ಒಂದು ಕಡೆ ವಿಮಾನ ಬದಲಿಸಿ ಮಿಲಾನಿನಲ್ಲಿ ಇಳಿದೆವು. ಅಲ್ಲಿಂದ ಜೆನೋವಾ ಎಂಬ ಬಂದರು ನಗರಕ್ಕೆ ಎರಡು ಗಂಟೆಯೊಳಗಿನ ರೈಲು ದಾರಿ. ಜೆನೋವಾದಿಂದ ಕಮೋಲಿಗೆ ಲೋಕಲಿನಂತಹದೇ ಗಾಡಿ, ಮುಕ್ಕಾಲು ಗಂಟೆ, ತಲೆಗೆ ಸುಮಾರು ನಾಲ್ಕು ಯೂರೋ. ಗಾಡಿಯಲ್ಲಿ ಅರ್ಧಕ್ಕರ್ಧ ಸೀಟು ಖಾಲಿ. ಆದರೂ ವಸಂತಿ ಹತ್ತಿದ ತಕ್ಷಣ ಪಕ್ಕದ ಸೀಟಿನಲ್ಲಿ ಬ್ಯಾಗ್ ಇಟ್ಟು, "ಕೂತ್ಕೊಳ್ಳಿ, ಹಿಡಿದಿಟ್ಟಿದ್ದೇನೆ" ಎಂದಳು. ಡೊಂಬಿವಲಿ ಲೋಕಲಿನ ಅಭ್ಯಾಸ, ಇಟಲಿಗೆ ಹೋದರೆ ಬಿಡುತ್ತದೆಯೇ?

ಕಮೋಲಿ ಚಿಕ್ಕ ಊರು. ಸಮುದ್ರಕ್ಕೆ ಎದುರಾಗಿ ಆರೇಳು ಅಂತಸ್ತಿನ ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಕೆಂಪು, ಹಳದಿ, ಗುಲಾಬಿ ಬಣ್ಣ. ನಮ್ಮ ಕೋಣೆ ನಾಲ್ಕನೇ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಮನೆಯೊಡತಿ ಸಿಲ್ವಾನಾ ಎಪ್ಪತ್ತು ದಾಟಿದ ಹೆಂಗಸು, ನನ್ನ ಪೆಟ್ಟಿಗೆಗೆ ತಾನೇ ಕೈ ಹಾಕಿದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ಎದುರಿನ ಮನೆಯ ಕಿಟಕಿಗಳನ್ನು ತೋರಿಸಿ ಅವಳು ನಕ್ಕಳು. ಅರ್ಧ ಕಿಟಕಿಗಳು ಬರೀ ಬಣ್ಣದಲ್ಲಿ ಬರೆದವು! ಬಾಗಿಲು, ಚೌಕಟ್ಟು, ಮೇಲಿನ ಕೆತ್ತನೆ ಎಲ್ಲವೂ ಚಿತ್ರ. ಹತ್ತಿರ ಹೋಗಿ ಗೋಡೆ ಮುಟ್ಟಿ ನೋಡಿದ ಮೇಲೆಯೇ ನಾನು ನಂಬಿದ್ದು.

ಮರುದಿನ ಊರು ತಿರುಗಿದೆವು. ಮರಳಿಲ್ಲದ, ಉರುಟು ಕಲ್ಲಿನ ಕಿನಾರೆ. ಚಪ್ಪಲಿ ಇಲ್ಲದೆ ನಡೆದರೆ ಅಂಗಾಲು ಉರಿಯುತ್ತದೆ. ಬಂಡೆಯ ಮೇಲೊಂದು ಇಗರ್ಜಿ, ಒಳಗೆಲ್ಲ ಚಿನ್ನದ ಬಣ್ಣ. ಅದರ ಪಕ್ಕದಲ್ಲಿ ಹಳೆಯ ಕೋಟೆ, ಹಿಂದೆ ಮೀನಿನ ಬಲೆ ಒಣಗಿಸುವ ಪುಟ್ಟ ಬಂದರು. ನನ್ನ ಕಣ್ಣು ನಿಂತದ್ದು ಗೋಡೆಗೆ ನೇತುಹಾಕಿದ್ದ ದೈತ್ಯ ಬಾಣಲೆಯ ಮೇಲೆ. ವರ್ಷಕ್ಕೊಮ್ಮೆ ಹಬ್ಬದ ದಿನ ಇಂಥದ್ದರಲ್ಲಿ ಊರಿಗೆಲ್ಲ ಮೀನು ಕರಿದು ಹಂಚುತ್ತಾರಂತೆ. ನಮ್ಮ ಅಡಿಗೆಮನೆಯ ಬಾಗಿಲಲ್ಲಿ ಅದು ಒಳಗೇ ಹೋಗುವುದಿಲ್ಲ ಎಂದು ಲೆಕ್ಕ ಹಾಕುತ್ತಾ ನಿಂತೆ. "ಹೋಟೆಲಿನ ಯೋಚನೆ ಮಾಡ್ತಾ ಇದ್ದೀರಿ ಅಲ್ವಾ?" ಎಂದಳು ವಸಂತಿ. "ಯೋಚನೆಗೆ ಷರತ್ತಿಲ್ಲ" ಎಂದೆ.

ಸಸ್ಯಾಹಾರಿಗಳಿಗೆ ಆ ಊರಲ್ಲಿ ತೊಂದರೆಯಿಲ್ಲ. ಎಣ್ಣೆ ಸುರಿದು ಬೇಯಿಸಿದ ಫೊಕಾಚಾ ಎಂಬ ದಪ್ಪ ರೊಟ್ಟಿ ಸಿಗುತ್ತದೆ. ಕಡಲೆಹಿಟ್ಟನ್ನು ನೀರಾಗಿ ಕದಡಿ, ಅಗಲ ತಟ್ಟೆಗೆ ಹೊಯ್ದು, ಒಲೆಯೊಳಗೆ ಬೇಯಿಸುವ ಫರಿನಾತಾ ಇದೆ. ಮರಾಠಿಯವರು ಮಾಡುವ ಧಿರಡೆ ಎಂಬ ಕಡಲೆಹಿಟ್ಟಿನ ದೋಸೆಯ ಹತ್ತಿರದ ಸಂಬಂಧಿ. ಕಾಫಿಯನ್ನು ಕೌಂಟರಿನ ಬಳಿ ನಿಂತು ಕುಡಿದರೆ ಒಂದು ದರ, ಕೂತರೆ ಇನ್ನೊಂದು. ಅದು ನನಗೆ ಹೊಸದೇನಲ್ಲ, ನಮ್ಮಲ್ಲೂ ಎಸಿ ಹಾಲಿಗೆ ಬೇರೆ ದರವಿದೆ. ಆದರೆ ಮಧ್ಯಾಹ್ನ ಒಂದು ಗಂಟೆಗೆ, ಗಿರಾಕಿ ಬಾಗಿಲಲ್ಲಿರುವಾಗಲೇ ರೊಟ್ಟಿ ಅಂಗಡಿಯವನು ಶಟರ್ ಎಳೆದು ನಾಲ್ಕರ ತನಕ ಊಟಕ್ಕೂ ನಿದ್ದೆಗೂ ಹೋದದ್ದನ್ನು ಕಂಡು, ಅವನ ಮೂರು ಗಂಟೆಯ ವ್ಯಾಪಾರ ಎಷ್ಟೆಂದು ನಾನೇ ಮನಸ್ಸಿನಲ್ಲಿ ಕೂಡಿಸಿದೆ.

ಮೂರನೆಯ ದಿನ ಮಠಕ್ಕೆ ಹೋಗುವುದು. ಬಿಸಿಲಿತ್ತು, ಗಾಳಿಯೂ ಸ್ವಲ್ಪ ಇತ್ತು. ದೋಣಿ ಹನ್ನೊಂದಕ್ಕೆ, ಅರ್ಧ ಗಂಟೆಯ ದಾರಿ, ಹೋಗಿ ಬರಲು ತಲೆಗೆ ಹದಿನಾರು ಯೂರೋ. ವಸಂತಿ ಬೆಳಿಗ್ಗೆ ಆರಕ್ಕೇ ಎದ್ದು, ಮಗಳು ಕೊಡಿಸಿದ ಹೊಸ ಚೂಡಿದಾರ ಹಾಕಿ, ಕ್ಯಾಲೆಂಡರಿನ ಹಾಳೆಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು. ಜೆಟ್ಟಿಯ ಸಾಲಿನಲ್ಲಿ ನಿಂತಿದ್ದೆವು. ಇನ್ನು ಹತ್ತು ನಿಮಿಷ. ಆಗ ನನಗೆ ಫಕ್ಕನೆ ನೆನಪಾಯಿತು: ನಾಳೆ ಸಂಕಷ್ಟಿ.

ಇದು ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ. ಸಂಕಷ್ಟಿ ಚತುರ್ಥಿಯ ದಿನ ಡೊಂಬಿವಲಿಯಲ್ಲಿ ಅರ್ಧ ಊರು ಉಪವಾಸ. ಇಡ್ಲಿ, ದೋಸೆ ಕೇಳುವವರಿಲ್ಲ; ಎಲ್ಲರಿಗೂ ಸಾಬುದಾಣಾ (ನಮ್ಮ ಸಬ್ಬಕ್ಕಿ) ಖಿಚಡಿ, ಸಾಬುದಾಣಾ ವಡೆ ಬೇಕು. ಹಿಂದಿನ ದಿನವೇ ಸಾಬುದಾಣಾ ನೆನೆಸದಿದ್ದರೆ ಮರುದಿನ ಮುಖ ತೋರಿಸುವ ಹಾಗಿಲ್ಲ. ಪ್ರತಿ ತಿಂಗಳೂ ಅದನ್ನು ನೆನಪಿಸುವವನು ನಾನೇ.

"ನೀನು ಹತ್ತು, ಈಗ ಬಂದೆ" ಎಂದು ವಸಂತಿಗೆ ಹೇಳಿ ಇಗರ್ಜಿಯ ಗೋಡೆಯ ಮರೆಗೆ ಹೋದೆ. ಡೊಂಬಿವಲಿಯಲ್ಲಿ ಆಗ ಮಧ್ಯಾಹ್ನ ಎರಡೂ ಇಪ್ಪತ್ತು. ಅಡಿಗೆಯ ರಾಮಚಂದ್ರ ಭಟ್ಟರು ಫೋನ್ ಎತ್ತಿದರು. ಇಪ್ಪತ್ತೆರಡು ವರ್ಷದಿಂದ ನಮ್ಮಲ್ಲಿರುವವರು.

"ಭಟ್ರೆ, ಸಾಬುದಾಣಾ ನೆನೆಸಿದ್ರಾ?"

"ಈಗ ನೆನೆಸಿದ್ರೆ ನಾಳೆಗೆ ಗಂಜಿ ಆಗ್ತದೆ ರಾಯರೆ. ರಾತ್ರಿ ನೆನೆಸುದು. ಕ್ಯಾಲೆಂಡರ್ ನಮ್ಮಲ್ಲಿಯೂ ಉಂಟು. ನೀವು ಅಲ್ಲಿ ಎಂತ ಮಾಡ್ತಾ ಇದ್ದೀರಿ?"

ಅಲ್ಲಿಗೆ ಮುಗಿಸಬಹುದಿತ್ತು. ನಾನು ಮುಗಿಸಲಿಲ್ಲ. ಗ್ರೈಂಡರಿನ ಬೆಲ್ಟ್ ಸರಿಯಾಯಿತೇ ಎಂದು ಕೇಳಿದೆ, ಹಾಲಿನವನು ಬಂದನೇ ಎಂದು ಕೇಳಿದೆ, ಶೇಂಗಾ ಹುರಿದಾಯಿತೇ ಎಂದು ಕೇಳಿದೆ. ಗೋಡೆಯ ಮರೆಯಿಂದ ಹೊರಗೆ ಬಂದಾಗ ದೋಣಿ ಜೆಟ್ಟಿ ಬಿಟ್ಟು ಆಗಲೇ ಇಪ್ಪತ್ತು ಮಾರು ಆಚೆ ಇತ್ತು. ಹಿಂಭಾಗದಲ್ಲಿ ವಸಂತಿ ಕೂತಿದ್ದಳು. ನನ್ನ ಕೈಯಲ್ಲಿದ್ದ ಫೋನನ್ನು ನೋಡಿದಳು.

ಮುಂದಿನ ದೋಣಿಗೆ ಹೋದರಾಯಿತು ಎಂದುಕೊಂಡೆ. ಹನ್ನೆರಡಾಗುವಷ್ಟರಲ್ಲಿ ಗಾಳಿ ಜೋರಾಯಿತು, ಜೆಟ್ಟಿಯ ಮೇಲೆ ನೀರು ಹಾರತೊಡಗಿತು. ಟಿಕೆಟ್ ಕೊಡುವ ಹೆಂಗಸು ಕಿಂಡಿ ಮುಚ್ಚಿ, ಕೈಯಲ್ಲೇ ಅಲೆ ತೋರಿಸಿ, ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದಳು: ಇನ್ನು ಅಲ್ಲಿಗೆ ದೋಣಿ ಇಲ್ಲ, ಹೋದವರನ್ನು ಸಮುದ್ರದ ಅಬ್ಬರ ಇಳಿದ ಮೇಲೆ ಕರೆತರುತ್ತಾರೆ. "ಯಾವಾಗ?" ಎಂದೆ. ಅವಳು ಆಕಾಶ ನೋಡಿದಳು. ಗುಡ್ಡದ ಮೇಲಿಂದ ಕಾಲುದಾರಿಯಿದೆ, ಮೂರು ಗಂಟೆ, ನನ್ನ ಮೊಣಕಾಲಿಗೆ ಆಗದ ಮಾತು. ವಸಂತಿಯ ಕೈಯಲ್ಲಿ ಫೋನಿಲ್ಲ, ಇಟಾಲಿಯನ್ ಬಾರದು.

ನಾನು ಹೆದರಿದೆ. ಮೂರೂವರೆ ಗಂಟೆ ಆ ಜೆಟ್ಟಿಯ ಕಲ್ಲಿನ ಮೇಲೆ ಕೂತಿದ್ದೆ, ಒಂದು ತೊಟ್ಟು ನೀರೂ ಕುಡಿಯಲಿಲ್ಲ. ಭಟ್ಟರೇ ಒಮ್ಮೆ ಫೋನ್ ಮಾಡಿದರು, ಎತ್ತಲಿಲ್ಲ. ಇಪ್ಪತ್ತಾರು ವರ್ಷ ಅವಳು ಸಂಜೆ ಠಾಣೆಯಿಂದ ಬರುವಾಗ ರೈಲು ತಡವಾದದ್ದು ಎಷ್ಟು ಸಲವೋ. ಒಂದು ಸಲವಾದರೂ ಸ್ಟೇಷನ್ನಿಗೆ ಹೋಗಿ ಹೀಗೆ ಕಾದಿದ್ದೇನೆಯೇ ಎಂದು ಯೋಚಿಸಿದೆ. ಇಲ್ಲ. ಆ ಹೊತ್ತಿಗೆ ಹೋಟೆಲಿನಲ್ಲಿ ಸಂಜೆಯ ರಶ್.

ಮೂರೂ ಮುಕ್ಕಾಲಿಗೆ ಜನ ತುಂಬಿಕೊಂಡು ದೋಣಿ ಬಂತು. ಮೊದಲು ಇಳಿದವರಲ್ಲೇ ವಸಂತಿ ಇದ್ದಳು. ಅರ್ಧ ಒದ್ದೆಯಾಗಿದ್ದಳು, ತಲೆಕೂದಲಿಗೆ ಉಪ್ಪು ಹತ್ತಿತ್ತು. ನೇರ ನನ್ನ ಎದುರು ಬಂದು ನಿಂತು ಕೇಳಿದಳು: "ಸಾಬುದಾಣಾ ನೆನೆಸಿದ್ರಾ?"

ಅವಳಿಗೆ ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ. ಸಂಕಷ್ಟಿ ಅವಳಿಗೂ ಗೊತ್ತು, ನಾನೂ ಗೊತ್ತು. "ತಪ್ಪಾಯ್ತು" ಎಂದೆ. "ಹೇಗೆ ಬಂದೆ ಮಾರಾಯ್ತಿ, ಅಷ್ಟು ಜನರ ನಡುವೆ?"

"ಎಂಟೂ ಹದಿನೇಳರ ಲೋಕಲಿನ ಲೇಡೀಸ್ ಡಬ್ಬಿ ಹತ್ತಿದವಳಿಗೆ ಈ ದೋಣಿ ಎಂತದು? ಎಲ್ರೂ ಸಾಲು ಅಂತ ನಿಂತಿದ್ರು. ನಾನು ಹತ್ತಿ ಆಗಿತ್ತು."

ಮರುದಿನವೂ ದೋಣಿ ಹೊರಡಲಿಲ್ಲ. ಅದರ ಮರುದಿನ, ನಾವು ಊರು ಬಿಟ್ಟ ಬೆಳಿಗ್ಗೆ ಮಾತ್ರ, ಸಮುದ್ರ ಎಣ್ಣೆ ಸವರಿದ ಕಾವಲಿಯ ಹಾಗೆ ಸಪಾಟು. ಸಿಲ್ವಾನಾ ಪೆಟ್ಟಿಗೆ ಇಳಿಸುತ್ತಿದ್ದಾಗ ವಸಂತಿ ಕಿಟಕಿಯಿಂದ ಕರೆದಳು. "ಬನ್ನಿ, ನೋಡಿ. ನಿಮ್ಮ ದೋಣಿ ಹೋಗ್ತಾ ಉಂಟು."

ಆದ್ದರಿಂದ ಕಮೋಲಿಗೆ ಹೋಗುವವರು ನೋಡಲೇಬೇಕಾದ ಮಠದ ಬಗ್ಗೆ ನಾನು ಕಣ್ಣಾರೆ ಕಂಡು ಬರೆಯುವಂತಿಲ್ಲ. ಬಂದ ಮೇಲಿನ ಭಾನುವಾರ ನಮ್ಮ ಬಿಲ್ಡಿಂಗಿನ ಹೆಂಗಸರು ಚಹಾಕ್ಕೆ ಬಂದಾಗ ವಸಂತಿ ಹೇಳಿದ್ದನ್ನು ಬಾಗಿಲ ಬಳಿ ನಿಂತು ನಾನೂ ಕೇಳಿದೆ. ಕಮಾನುಗಳ ಅಡಿಯಲ್ಲೇ ದೋಣಿಗಳನ್ನು ಎಳೆದು ಇಡುತ್ತಾರಂತೆ. ಒಳಗಿನ ಗೋರಿಗಳ ಮೇಲೆ ಕಪ್ಪು, ಬಿಳಿ ಕಲ್ಲಿನ ಪಟ್ಟೆಗಳಂತೆ. ಕೊಲ್ಲಿಯ ನೀರಿನಡಿ ಏಸುವಿನ ಪ್ರತಿಮೆ ಇದೆಯಂತೆ, ಕೈ ಮೇಲೆತ್ತಿಕೊಂಡು. ಕ್ಯಾಲೆಂಡರಿನ ಹಾಳೆಯನ್ನು ಹಿಡಿದು, ಚಿತ್ರ ತೆಗೆದವನು ಎಲ್ಲಿ ನಿಂತಿದ್ದನೆಂದು ಹುಡುಕಿ ಅಲ್ಲೇ ನಿಂತಳಂತೆ.

"ದೋಣಿಯಲ್ಲಿ ಜಾಗ ಸಿಕ್ಕಿತಾ?" ಎಂದು ಎದುರು ಮನೆಯ ಜೋಶಿ ಬಾಯಿ ಮರಾಠಿಯಲ್ಲಿ ಕೇಳಿದರು.

"ಎರಡು ಸೀಟು ಹಿಡಿದಿದ್ದೆ" ಎಂದಳು ವಸಂತಿ, ನನ್ನ ಕಡೆ ನೋಡದೆ. "ದೋಣಿ ಬಿಟ್ಟ ಮೇಲೂ ಪಕ್ಕದ ಸೀಟಿನಿಂದ ಬ್ಯಾಗ್ ತೆಗೀಲಿಲ್ಲ. ಮಠ ಬರುವ ತನಕ."